ನನ್ನ ಪಾಠವನ್ನು ನಾನೇ ಕೇಳಿಸಿಕೊಂಡಾಗ

ಹತ್ತನೇ ತರಗತಿಯ ಮಕ್ಕಳಿಗೆ ಸಮಾಂತರ ಶ್ರೇಢಿ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆ ಕೂಡಿಸುತ್ತಾ ಹೋಗುವ ಸಂಖ್ಯೆಗಳ ಸಾಲು, ಅಂಥ ಕಷ್ಟದ ಪಾಠ ಅಲ್ಲ. ಆದರೂ ಆ ವಾರದ ಕಿರುಪರೀಕ್ಷೆಯಲ್ಲಿ 22 ಮಕ್ಕಳಲ್ಲಿ 13 ಮಂದಿ ಒಂದೇ ತಪ್ಪು ಮಾಡಿದ್ದರು. 3, 7, 11, 15... ಈ ಶ್ರೇಢಿಯ 10ನೇ ಪದ ಯಾವುದು ಅಂದರೆ 43 ಅಂತ ಬರೆದಿದ್ದರು. ಸರಿಯುತ್ತರ 39. ಒಬ್ಬಿಬ್ಬರಾದರೆ ಗಮನ ಎಲ್ಲೋ ಇತ್ತು ಅನ್ನಬಹುದು. 13 ಮಂದಿ ಒಂದೇ ಕಡೆ ಎಡವಿದ್ದಾರೆ ಅಂದರೆ ಪಾಠ ಮಾಡಿದವರನ್ನೇ ಕೇಳಬೇಕು, ಅಲ್ವಾ?

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಆನ್‌ಲೈನ್ ಪಾಠಕ್ಕೆ ಬಂದವಳು ನಾನು. ಶಾಲೆ ತೆರೆದ ಮೇಲೂ ಸಂಜೆಯ ಗಣಿತ ತರಗತಿ ನಿಲ್ಲಿಸಲಿಲ್ಲ. ಜೂಮ್‌ನಲ್ಲಿ 40 ನಿಮಿಷ. ಬರಲಾಗದ ಮಕ್ಕಳಿಗೆ ಬೇಕಾಗುತ್ತದೆ ಅಂತ, ಪೋಷಕರಿಗೆ ತಿಳಿಸಿ, ರೆಕಾರ್ಡ್ ಮಾಡುತ್ತಿದ್ದೆ. ಒಂದನ್ನೂ ನಾನು ನೋಡಿರಲಿಲ್ಲ. ಆ ರಾತ್ರಿ ಪಾತ್ರೆ ತೊಳೆದಿಟ್ಟು, ಇಯರ್‌ಫೋನ್ ಹಾಕಿಕೊಂಡು ಕೂತೆ. ಮಕ್ಕಳು ನೋಡುವ ಹಾಗೆ ನೋಡೋಣ ಅಂತ ಫೋನಿನಲ್ಲೇ ಹಾಕಿದೆ.

ಆ ಜಾಗ ಬಂತು. “ಇಲ್ಲಿ ಎನ್ ಮೈನಸ್ ಒನ್ ಇದೆ ನೋಡಿ. ಇದನ್ನ ಇಲ್ಲಿ ಹಾಕಿ, ಇದರಿಂದ ಗುಣಿಸಿದ್ರೆ ಇದು ಬರುತ್ತೆ. ಅರ್ಥ ಆಯ್ತಾ?” ಯಾರೋ ಒಬ್ಬರು “ಹ್ಞೂಂ ಮಿಸ್” ಅಂದರು. ನಾನು ಮುಂದಿನ ಲೆಕ್ಕಕ್ಕೆ ಹೋಗಿದ್ದೆ.

‘ಇಲ್ಲಿ’ ಅಂದರೆ ಎಲ್ಲಿ? ಲ್ಯಾಪ್‌ಟಾಪಿನಲ್ಲಿ ಎದ್ದು ಕಾಣುವ ಬಾಣದ ಗುರುತು ಫೋನಿನಲ್ಲಿ ಸಾಸಿವೆ ಕಾಳಿನಷ್ಟಿತ್ತು. ಎಷ್ಟನೇ ಪದ ಬೇಕೋ ಆ ಸಂಖ್ಯೆಯಿಂದ, ಅಂದರೆ ಎನ್‌ನಿಂದ, ಒಂದು ಕಳೆಯೋದು ಯಾಕೆ ಅಂತಲೂ ನಾನು ಹೇಳಿರಲಿಲ್ಲ. ಹೇಳಿದ್ದೇನೆ ಅಂತಲೇ ಅಲ್ಲಿವರೆಗೆ ನಂಬಿದ್ದೆ.

ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೇನೆ ಅಂತ ಗಡಿಯಾರ ಹಿಡಿದು ನೋಡಿದೆ. ಎರಡು ಸೆಕೆಂಡೂ ಇಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರು. ಶಿಕ್ಷಕರು ಕಾಯುತ್ತಿದ್ದದ್ದು ಹೆಚ್ಚುಕಮ್ಮಿ ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿಯೇ ಮಾತಾಡುವವರೂ ಜಾಸ್ತಿಯಾದರು. ಆನ್‌ಲೈನ್‌ನಲ್ಲಿ ಮೂರೂ ಸಾಲದು. ಮಗು ಯೋಚಿಸಬೇಕು, ಮ್ಯೂಟ್ ತೆಗೀಬೇಕು, ನೆಟ್‌ವರ್ಕ್ ಬೇರೆ ತಡ ಮಾಡುತ್ತದೆ. ನಾನೀಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಮೊದಮೊದಲು ಆ ಮೌನ ತಡೆಯೋಕೆ ಆಗುತ್ತಿರಲಿಲ್ಲ.

ಮರುದಿನ ಅದೇ ಪಾಠ ಮತ್ತೆ ಮಾಡಿದೆ. ಸ್ಕ್ರೀನ್ ಶೇರ್ ನಿಲ್ಲಿಸಿ, ಕ್ಯಾಮೆರಾ ಎದುರು ಅಂಗೈ ಹಿಡಿದೆ. ಬೆರಳು ಎಷ್ಟು? ಐದು. ಮೊದಲನೇ ಬೆರಳಿನಿಂದ ಐದನೇ ಬೆರಳಿಗೆ ಹೋಗೋಕೆ ಎಷ್ಟು ಸಂದು ದಾಟಬೇಕು? ಸುಮ್ನೆ ಕಾದೆ. ಎಂಟು ಎಣಿಸುವಷ್ಟರಲ್ಲಿ ಒಬ್ಬಳು ಮ್ಯೂಟ್ ತೆಗೆದಳು. “ನಾಲ್ಕು. ಹಂಗಾದ್ರೆ ಹತ್ತನೇ ಪದಕ್ಕೆ ಒಂಬತ್ತೇ ಸಲ ಕೂಡಿಸ್ಬೇಕು, ಅಲ್ವಾ ಮಿಸ್?” ಮೂರಕ್ಕೆ ಒಂಬತ್ತು ನಾಲ್ಕಲ ಮೂವತ್ತಾರು ಸೇರಿಸಿ, 39 ಅಂತ ಅವಳೇ ಹೇಳಿದಳು. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಹುಮ್ಮಸ್ಸಿನಲ್ಲಿ 20 ಅಂಶಗಳ ಪಟ್ಟಿ ಮಾಡಿ, ದಿನಾ ನನಗೆ ನಾನೇ ಅಂಕ ಕೊಟ್ಟುಕೊಂಡೆ. ಎರಡೇ ವಾರಕ್ಕೆ ಬಿಟ್ಟೆ. ‘ಸ್ಪಷ್ಟತೆ: 4’ ಅಂತ ಬರೆದರೆ ನಾಳೆ ಏನು ಬದಲಾಯಿಸಬೇಕು ಅಂತ ತಿಳಿಯೋದಿಲ್ಲ. ಈಗ ವಾರಕ್ಕೆ ಒಂದೇ ಪ್ರಶ್ನೆ, ರೆಕಾರ್ಡಿಂಗ್‌ನ ಹತ್ತೇ ನಿಮಿಷ, 200 ಪುಟದ ಒಂದು ನೋಟ್‌ಬುಕ್. ‘ಇದು’, ‘ಇಲ್ಲಿ’ ಎಷ್ಟು ಸಲ ಅಂದೆ ಅನ್ನೋದು ಒಂದು ವಾರ. “ಅರ್ಥ ಆಯ್ತಾ” ಬದಲು ಏನು ಕೇಳಿದೆ ಅನ್ನೋದು ಇನ್ನೊಂದು ವಾರ. ತರಗತಿಯ ಕೊನೆಗೆ ಎರಡು ನಿಮಿಷ ಉಳಿಸಿಕೊಂಡು, “ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡ್ರಿ, ನನಗೊಬ್ಬಳಿಗೇ ಬರೆಯಿರಿ” ಅನ್ನುತ್ತೇನೆ. ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ ಅಂದರೆ ಒಬ್ಬರೂ ಬರೆಯೋದಿಲ್ಲ.

ಕಳೆದ ವಾರದ ಪ್ರಶ್ನೆ: ಇವತ್ತು ಯಾರ ದನಿ ನನಗೆ ಕೇಳಿಸಲೇ ಇಲ್ಲ? ನಾಲ್ಕು ಹೆಸರು ಬರೆದೆ. ಅದರಲ್ಲೊಬ್ಬ ಹುಡುಗ ತಿಂಗಳಿಂದ ಮಾತೇ ಆಡಿರಲಿಲ್ಲ. ಅವನ ಅಮ್ಮನಿಗೆ ಫೋನ್ ಮಾಡಿದೆ. ಅವನು ಪಾಠಕ್ಕೆ ಬಳಸುವ ಹಳೇ ಫೋನಿನ ಮೈಕೇ ಕೆಟ್ಟಿದೆಯಂತೆ. ಈಗ ಅವನು ಉತ್ತರವನ್ನು ಚಾಟ್‌ನಲ್ಲಿ ಹಾಕುತ್ತಾನೆ. ನಾನು ಅವನ ಹೆಸರು ಹೇಳಿ ಎಲ್ಲರಿಗೂ ಓದಿ ಹೇಳುತ್ತೇನೆ.