ಸೋಲಾರಾ, ಕಲ್ಲಿದ್ದಲಾ, ಅಣು ವಿದ್ಯುತ್ತಾ? ಮಕ್ಕಳನ್ನ ಚರ್ಚಾ ಸ್ಪರ್ಧೆಗೆ ತಯಾರು ಮಾಡೋದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಭಾನುವಾರ ಸಂಜೆ ಚರ್ಚಾ ಸ್ಪರ್ಧೆಗೆ ಪ್ರಾಕ್ಟೀಸ್ ಮಾಡಿಸ್ತೀನಿ, ಈ ಸಲದ ವಿಷಯ ವಿದ್ಯುತ್. ಮನೇಲಿ ಹೇಗೆ ಹೇಳಿಕೊಡೋದು ಅಂತ ತುಂಬ ಜನ ಅಪ್ಪ ಅಮ್ಮ ಕೇಳ್ತಿದ್ದಾರೆ, ಎಲ್ಲರಿಗೂ ಒಟ್ಟಿಗೇ ಬರೀತಿದೀನಿ.

ಮೊದಲು ಮೆಗಾವ್ಯಾಟ್ ಮತ್ತು ಯೂನಿಟ್ಟಿನ ವ್ಯತ್ಯಾಸ ಕಲಿಸಿ, ಇದಾಗದೆ ಮುಂದೆ ಹೋಗಲೇಬೇಡಿ. ಹೋದ ವಾರ ಎಂಟನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತು, ಪಾವಗಡ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್, ಕಲ್ಲಿದ್ದಲು ಸುಡೋ ರಾಯಚೂರು ಶಾಖೋತ್ಪನ್ನ ಸ್ಥಾವರ 1720 ಮೆಗಾವ್ಯಾಟ್, ಅಂದಮೇಲೆ ಸೋಲಾರೇ ದೊಡ್ಡದು ಅಂದ, ಎಲ್ರೂ ಚಪ್ಪಾಳೆ ಹೊಡೆದ್ರು. ನಾನು ಬೋರ್ಡ್ ಮೇಲೆ ಲೆಕ್ಕ ಹಾಕ್ಸಿದೆ. ಮೆಗಾವ್ಯಾಟ್ ಅಂದ್ರೆ ಪೂರ್ತಿ ತಾಕತ್ತಲ್ಲಿ ಓಡಿದಾಗ ಎಷ್ಟು ಕೊಡುತ್ತೆ ಅನ್ನೋದು, ಆದ್ರೆ ಸೂರ್ಯ ರಾತ್ರಿ ಇರಲ್ಲ, ಬೆಳಗ್ಗೆ ಸಂಜೆ ಬಿಸಿಲು ಕಮ್ಮಿ, ಮೋಡ ಬೇರೆ, ಎಲ್ಲ ಸೇರಿ ದಿನದ ಸರಾಸರಿ ನೂರಕ್ಕೆ 20ರ ಆಸುಪಾಸು. ಯೂನಿಟ್ ಅಂದ್ರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದಾಗ ಬರೋ ಕರೆಂಟು, ಸಾವಿರ ಕಿಲೋವ್ಯಾಟ್ ಸೇರಿದ್ರೆ ಒಂದು ಮೆಗಾವ್ಯಾಟ್. ಹಾಗಾಗಿ ಪಾವಗಡದಿಂದ ದಿನಕ್ಕೆ ಸುಮಾರು ಒಂದು ಕೋಟಿ ಯೂನಿಟ್. ರಾಯಚೂರು ನೂರಕ್ಕೆ 60ರಷ್ಟು ಓಡ್ತು ಅಂತ ಇಟ್ಕೊಂಡ್ರೆ ಎರಡೂವರೆ ಕೋಟಿ ಹತ್ತಿರ ಹೋಗುತ್ತೆ. ಹುಡುಗನ ಮುಖ ಸಪ್ಪಗಾಯ್ತು, ಆದ್ರೆ ಅವನೇ ಆಮೇಲೆ ಕೇಳಿದ, "ಆಂಟಿ, ಹಾಗಾದ್ರೆ ಒಂದು ಯೂನಿಟ್ಟಿಗೆ ಎಷ್ಟು ಕಲ್ಲಿದ್ದಲು ಸುಡ್ತಾರೆ?" ಅಂತ. ಚರ್ಚೆ ಅಲ್ಲಿಂದ ಶುರುವಾಗ್ಬೇಕು.

ಉತ್ತರ ಹೇಳ್ತೀನಿ, ಇದನ್ನ ಮಗುವಿನ ಕೈಯಲ್ಲಿ ಮನೆಯ ಲೈಟ್ ಬಿಲ್ ಕೊಟ್ಟೇ ಮಾಡಿಸಿ. ನಮ್ಮ ದೇಶದ ಕಲ್ಲಿದ್ದಲಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಬೇಕು, ಆ ಕಲ್ಲಿದ್ದಲಲ್ಲಿ ನೂರಕ್ಕೆ 30ರಿಂದ 45 ಬರೀ ಬೂದಿ. ತಿಂಗಳಿಗೆ 200 ಯೂನಿಟ್ ಬಂತು, ಎಲ್ಲ ಕಲ್ಲಿದ್ದಲಿನ ಕರೆಂಟೇ ಅನ್ನಿ, 140 ಕೆಜಿ ಕಲ್ಲಿದ್ದಲು, ಅದರಲ್ಲಿ ಸುಮಾರು 50 ಕೆಜಿ ಬೂದಿ, ಅಂದ್ರೆ 25 ಕೆಜಿಯ ಅಕ್ಕಿ ಚೀಲ ಎರಡು ಪ್ರತಿ ತಿಂಗಳು ನಮ್ಮ ಒಂದೇ ಮನೆ ಹೆಸರಲ್ಲಿ ಹುಟ್ತಿದೆ, ಸಿಮೆಂಟಿಗೆ ಇಟ್ಟಿಗೆಗೆ ಹೋಗದೆ ಉಳಿದಿದ್ದು ಎಲ್ಲೋ ಒಂದು ಬೂದಿ ಹೊಂಡಕ್ಕೆ ಬೀಳುತ್ತೆ. ಬಿಲ್ಲಲ್ಲಿ ಆ ಚೀಲದ ಸಾಲು ಇರಲ್ಲ. ಆ ಹೊಂಡದ ಪಕ್ಕದ ಊರಿನವರ ಕೆಮ್ಮು, ಬಾವಿ ನೀರು, ಇವಕ್ಕೆ ಯಾರು ದುಡ್ಡು ಕೊಡ್ತಾರೆ ಅಂತ ಮಗು ಕೇಳ್ಲಿ. ಪರಿಸರದ ವೆಚ್ಚ ಅಂದ್ರೆ ಇದೇ, ಬಾಯಿಪಾಠದ ಡೆಫಿನಿಷನ್ ಬೇಡ.

ಎರಡನೇದು, ಯಾವ ಹೊತ್ತಿನ ಕರೆಂಟು ಅನ್ನೋ ಪ್ರಶ್ನೆ. 2020ರ ಡಿಸೆಂಬರಲ್ಲಿ ಗುಜರಾತಿನ ಹರಾಜಲ್ಲಿ ಸೋಲಾರ್ ಯೂನಿಟ್ಟಿಗೆ 1.99 ರೂಪಾಯಿಗೆ ಇಳೀತು, ಪರ ಮಾತಾಡೋರು ಇದನ್ನ ಹೇಳೇ ಹೇಳ್ತಾರೆ, ನಿಜವೂ ಹೌದು, ಆದ್ರೆ ಅದು ಹಗಲಿನ ಬೆಲೆ. ಸಂಜೆ ಏಳೂವರೆಗೆ ಮುಂಬೈ ಪೂರ್ತಿ ಮನೆಗೆ ಬಂದು ಫ್ಯಾನು ಎಸಿ ಹಾಕುವಾಗ ಬಿಸಿಲು ಎಲ್ಲಿರುತ್ತೆ? ಬ್ಯಾಟರಿ ಸೇರಿಸಿದ್ರೆ ಆ ರೇಟ್ ಉಳಿಯಲ್ಲ. ಆ ಹೊತ್ತಿಗೆ ಕೈ ಹಿಡಿಯೋದು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಥರದ ಜಲವಿದ್ಯುತ್, ನಿಮಿಷಗಳಲ್ಲಿ ಟರ್ಬೈನ್ ತಿರುಗುತ್ತೆ.

ಆದ್ರೆ ನೀರಿನ ಕರೆಂಟು ಅಂದ್ರೆ ಶುದ್ಧ, ಪುಕ್ಕಟೆ ಅಂತ ಮಗು ಹೇಳಿದ್ರೆ ಬಿಡ್ಬೇಡಿ. ನಮ್ಮ ಅಜ್ಜನ ಗದ್ದೆ ಲಿಂಗನಮಕ್ಕಿ ನೀರಲ್ಲಿದೆ. ಬೇಸಿಗೇಲಿ ಹಿನ್ನೀರು ಇಳಿದಾಗ ಹಳೇ ಮರಗಳ ಬೊಡ್ಡೆ ಕಪ್ಪಗೆ ಮೇಲೆ ಕಾಣ್ತವೆ, ಅಜ್ಜ ಅದರಲ್ಲೊಂದನ್ನ ತೋರಿಸಿ "ಇದು ನಮ್ಮನೆ ಹಲಸಿನ ಮರ" ಅಂತಿದ್ರು, ಅದೇನಾ ಅಲ್ವಾ ನಂಗೊತ್ತಿಲ್ಲ, ಅವರ ದನಿ ಮಾತ್ರ ಮರೆಯಕ್ಕಾಗಲ್ಲ. ಈ ಮುಂಬೈಗೂ ಅಂಥದ್ದೇ ಕಥೆ ಇದೆ. ಇಲ್ಲಿಗೆ ಕರೆಂಟು ಕೊಡೋಕೆ ಮುಳಶಿಯಲ್ಲಿ ಟಾಟಾ ಅಣೆಕಟ್ಟು ಕಟ್ಟುವಾಗ 1921ರಲ್ಲಿ ಅಲ್ಲಿನ ರೈತರು ಸೇನಾಪತಿ ಬಾಪಟ್ ಜೊತೆ ಸತ್ಯಾಗ್ರಹ ಮಾಡಿದ್ರು, ಅಣೆಕಟ್ಟು ನಿಲ್ಲಲಿಲ್ಲ. 1967ರ ಡಿಸೆಂಬರ್ 11ಕ್ಕೆ ಕೊಯ್ನಾದಲ್ಲಿ ಭೂಕಂಪ ಆಗಿ ಸುಮಾರು 180 ಜನ ಸತ್ರು, ಜಲಾಶಯದ ನೀರಿನ ಭಾರಕ್ಕೂ ಆ ಕಂಪನಕ್ಕೂ ಸಂಬಂಧ ಇದೆ ಅಂತ ವಿಜ್ಞಾನಿಗಳು ಇವತ್ತಿಗೂ ಅದನ್ನ ಓದ್ತಾರೆ. ಅಜ್ಜಿ ಊರಿನ ಕಥೆ ಇದ್ರೆ ಮಗುವಿಗೆ ಹೇಳಿಕೊಡಿ, ವೇದಿಕೆ ಮೇಲೆ ಅಂಕಿಗಿಂತ ಅದು ಜಾಸ್ತಿ ನಿಲ್ಲುತ್ತೆ.

ಅಣು ವಿದ್ಯುತ್ತಿಗೆ ಕೈಗಾ ಒಂದೇ ಸಾಕು, ಪರಕ್ಕೂ ವಿರೋಧಕ್ಕೂ. 2018ರ ಕೊನೇಲಿ ಅದರ ಮೊದಲ ಘಟಕ 962 ದಿನ ನಿಲ್ಲದೆ ಓಡಿ ದಾಖಲೆ ಮಾಡ್ತು, ಹಗಲು ರಾತ್ರಿ ಮಳೆ ಯಾವುದೂ ಲೆಕ್ಕಕ್ಕಿಲ್ಲ, ಇಂಗಾಲವೂ ತೀರ ಕಮ್ಮಿ. ಅದೇ ಕೈಗಾ ಬೇಡ ಅಂತ ಶಿವರಾಮ ಕಾರಂತರು ವಯಸ್ಸು ಎಂಬತ್ತು ದಾಟಿದ ಮೇಲೂ ಹೋರಾಡಿದ್ರು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತಿದ್ರು. ತ್ಯಾಜ್ಯವನ್ನ ಸಾವಿರಾರು ವರ್ಷ ಯಾರು ಕಾಯ್ತಾರೆ ಅನ್ನೋ ಪ್ರಶ್ನೆಗೆ ಮಗುವಿಗೆ ಉತ್ತರ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ ಹೇಳ್ಲಿ.

ಇಂಗಾಲದ ವಿಷಯಕ್ಕೆ ಒಂದೇ ಸಾಲು ಬಾಯಿಪಾಠ ಮಾಡ್ಸಿ: ಗಣಿಯಿಂದ ಹಿಡಿದು ಕೊನೇವರೆಗೆ ಲೆಕ್ಕ ಹಾಕಿದ್ರೆ ಯೂನಿಟ್ಟಿಗೆ ಗಾಳಿಗೆ ಸೇರೋ ಇಂಗಾಲದ ಡೈಆಕ್ಸೈಡ್ (ಬೇರೆ ಬಿಸಿ ಹೆಚ್ಚಿಸೋ ಅನಿಲಗಳನ್ನೂ ಅದಕ್ಕೆ ಸಮ ಮಾಡಿ) ಕಲ್ಲಿದ್ದಲಿಂದ 820 ಗ್ರಾಂ, ಗ್ಯಾಸಿಂದ 490, ದೊಡ್ಡ ಸೋಲಾರ್ ಪಾರ್ಕಿಂದ 48, ಅಣುವಿಂದ 12, ಇವು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯ ಮಧ್ಯದ ಅಂಕಿಗಳು.

ಇನ್ನು ಬಿಲ್ಡಿಂಗ್ ಮೇಲೆ ಪ್ಯಾನೆಲ್ ಹಾಕಿದ್ರೆ ಸಾಕಲ್ವಾ ಅನ್ನೋ ವಾದ. ಅದನ್ನೂ ಟೆರೇಸ್ ಮೇಲೆ ನಿಂತು ಅಳೀರಿ. ಒಂದು ಕಿಲೋವ್ಯಾಟ್ಟಿಗೆ ಸುಮಾರು ನೂರು ಚದರಡಿ, ದಿನಕ್ಕೆ ಸರಾಸರಿ 4 ಯೂನಿಟ್. ನಮ್ಮ ಸೊಸೈಟೀಲಿ ನೀರಿನ ಟ್ಯಾಂಕ್, ಡಿಶ್ ಆಂಟೆನಾ ಬಿಟ್ಟು ಎರಡು ಸಾವಿರ ಚದರಡಿ ಸಿಗುತ್ತೆ, 20 ಕಿಲೋವ್ಯಾಟ್, ತಿಂಗಳಿಗೆ 2400 ಯೂನಿಟ್, ಮನೆಗೆ 200 ಯೂನಿಟ್ ಅಂದ್ರೆ 56 ಫ್ಲ್ಯಾಟಿಗೆ 11,200 ಬೇಕು. ಲಿಫ್ಟು, ಪಂಪು, ಮೆಟ್ಟಿಲ ದೀಪಕ್ಕೆ ಧಾರಾಳ ಆಯ್ತು, ಮನೆಗಳಿಗೆ ಸಾಲಲ್ಲ, ಜುಲೈ ಮಳೇಲಿ ಇನ್ನೂ ಕಮ್ಮಿ. ನನ್ನ ಕೇಳಿದ್ರೆ ಆದ್ರೂ ಹಾಕಿಸ್ಬೇಕು, 2024ರಲ್ಲಿ ಬಂದ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಗಳ ಕಾಮನ್ ಬಳಕೆಗೆ ಕಿಲೋವ್ಯಾಟ್ಟಿಗೆ 18,000 ಸಬ್ಸಿಡಿ ಇದೆ.

ಪ್ರಾಕ್ಟೀಸ್ ಹೀಗೆ: ಒಂದು ವಾರ ಪರ, ಮುಂದಿನ ವಾರ ಅದೇ ಮಗು ವಿರೋಧ. ಎದುರಾಳಿ ಮಾತನ್ನ ಮೊದಲು "ನೀವು ಹೇಳಿದ್ದು ಇದೇ ತಾನೆ" ಅಂತ ಸರಿಯಾಗಿ ತಿರುಗಿ ಹೇಳಿಸಿ, ಆಮೇಲೆ ಉತ್ತರ. ನಮ್ಮ ಮಕ್ಕಳು ಲೆಕ್ಕ ಮಾತ್ರ ಮರಾಠಿ, ಇಂಗ್ಲಿಷಲ್ಲೇ ಮಾಡ್ತಾರೆ, ಸ್ಟೇಜ್ ಮೇಲೆ ಅಲ್ಲೇ ತಡವರಿಸೋದು, ಅದಕ್ಕೆ ಎಲ್ಲ ಸಂಖ್ಯೆ ಕನ್ನಡ ಅಕ್ಷರದಲ್ಲಿ, ಎಂಟುನೂರ ಇಪ್ಪತ್ತು ಅಂತ ಬರೆಸಿ ಜೋರಾಗಿ ಓದಿಸಿ. ಬರೋ ಭಾನುವಾರ ಎಲ್ರೂ ಮೂರು ತಿಂಗಳ ಲೈಟ್ ಬಿಲ್ ಕಳಿಸಿಕೊಡಿ, ಏಪ್ರಿಲ್‌ದು ಇದ್ರೆ ಇನ್ನೂ ಒಳ್ಳೇದು, ಎಸಿ ಎಷ್ಟು ಯೂನಿಟ್ ತಿನ್ನುತ್ತೆ ಅಂತ ಅದರಲ್ಲೇ ಕಾಣೋದು.