ಹಸಿರು ಪುಸ್ತಕ ಕೈಗೆ ಬಂದ ಮೇಲೆ

ನನ್ನದು ಕುಂದಗೋಳ ತಾಲೂಕು. ಜಂಪರು ಹೊಲಿದು ಬದುಕುತ್ತೇನೆ. ಎಚ್‌ಐವಿ ಗುಳಿಗೆ ನುಂಗಲು ಹತ್ತಿ ಹನ್ನೊಂದು ವರ್ಷವಾಯಿತು. ಸೋಂಕಿದೆಯೆಂದು ಹೊಸದಾಗಿ ಗೊತ್ತಾದವರು ಬಂದು ಮೊದಲು ಕೇಳೋದು, "ಅಕ್ಕಾರ, ಇನ್ನೆಷ್ಟು ದಿನಾರೀ?" "ಮೊದ್ಲ ಪರೀಕ್ಷಾ ಪೂರಾ ಮಾಡಸ್ರಿ" ಅನ್ನುತ್ತೇನೆ.

ಖಾಸಗಿ ಲ್ಯಾಬಿನ ಒಂದು ಚೀಟಿ ನೋಡಿ ಕಂಗೆಡಬೇಡಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಲಹೆ ಕೊಟ್ಟು ರಕ್ತ ಪರೀಕ್ಷೆ ಮಾಡುವ ಕೇಂದ್ರದಲ್ಲಿ, ಪರೀಕ್ಷೆ ಪುಕ್ಕಟೆ. ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ನೋಡಿದ ಮೇಲೆಯೇ ಸೋಂಕು ಇದೆ ಅನ್ನುತ್ತಾರೆ. ಎಚ್‌ಐವಿ ಅಂದರೆ ವೈರಸ್ಸು. ರೋಗ ತಡೆಯುವ ಸಿಡಿ4 ಎಂಬ ಬಿಳಿ ರಕ್ತಕಣಗಳು 200ಕ್ಕಿಂತ ಕೆಳಗಿಳಿದಾಗ, ಇಲ್ಲವೇ ಕೆಲವು ದೊಡ್ಡ ರೋಗಗಳು ಮೈಗೆ ಹತ್ತಿದಾಗ ಅದಕ್ಕೆ ಏಡ್ಸ್ ಎಂದು ಹೆಸರು. ನಮ್ಮ ಅತ್ತೆ ಇವತ್ತಿಗೂ ಎರಡೂ ಒಂದೇ ಅಂದುಕೊಂಡಿದ್ದಾರೆ.

ಆಮೇಲೆ ಎಆರ್‌ಟಿ ಕೇಂದ್ರ, ಅಂದರೆ ಈ ವೈರಸ್ಸಿಗೆ ಗುಳಿಗೆ ಕೊಡುವ ಜಾಗ. ನಾನು ಹೋಗುವುದು ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಗೆ. ಐಸಿಟಿಸಿ ಚೀಟಿ, ಆಧಾರ್ ಜೊತೆಗೆ ಬುತ್ತಿಯನ್ನೂ ಕಟ್ಟಿಕೊಳ್ಳಿ. ರಕ್ತ, ಕ್ಷಯದ ತಪಾಸಣೆ, ಕೌನ್ಸೆಲರ್ ಜೊತೆ ಮಾತು ಅಂತ ಮೊದಲ ದಿನ ಹೊತ್ತಾಗುತ್ತದೆ. ಚಿಕಿತ್ಸೆಯ ವಿವರ ಬರೆಯುವ ಹಸಿರು ಪುಸ್ತಕ ಕೊಡುತ್ತಾರೆ. ನಾನು ಅದನ್ನು ಅಳತೆ ಪುಸ್ತಕಗಳ ನಡುವೆ ಇಟ್ಟಿದ್ದೇನೆ, ಅಲ್ಲಿ ಯಾರೂ ಕೈ ಹಾಕುವುದಿಲ್ಲ.

ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಗುಳಿಗೆ. ನನ್ನದು ರಾತ್ರಿ ರೊಟ್ಟಿ ಉಂಡು ತಾಟು ತೊಳೆಯುವ ಮೊದಲು. ಒಮ್ಮೆ ಮೈ ಹಗುರಾಯಿತೆಂದು ನಾನೇ ಬಿಟ್ಟುಬಿಟ್ಟೆ; ಕೆಲವು ತಿಂಗಳಿಗೆ ಹಾಸಿಗೆ ಹಿಡಿದೆ. ಆ ತಪ್ಪು ನೀವು ಮಾಡಬೇಡಿ. ಪತ್ತೆಯೇ ಆಗದಷ್ಟು ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಇಳಿದು ಹಾಗೇ ಉಳಿದರೆ ಗಂಡ ಹೆಂಡಿರ ಕೂಡಿಕೆಯಿಂದ ಸೋಂಕು ದಾಟುವುದಿಲ್ಲ. ಬಸುರಿದ್ದಾಗ ಗುಳಿಗೆ ತಪ್ಪಿಸದಿದ್ದರೆ ಕೂಸಿಗೆ ದಾಟುವ ಸಂಭವ ಬಹಳ ಕಡಿಮೆ. ಒಂದೇ ತಾಟಿನಲ್ಲಿ ಉಂಡರಂತೂ ಎಂದೂ ದಾಟುವುದಿಲ್ಲ.

ಸಹಾಯದ ಮಾತನ್ನು ಬಾಯಿಬಿಟ್ಟು ಕೇಳಬೇಕು, ತಾನಾಗಿ ಯಾರೂ ಹೇಳುವುದಿಲ್ಲ. ಸೋಂಕಿತ ಹೆಣ್ಣುಮಕ್ಕಳಿಗೆ ಸ್ವಂತ ಉದ್ಯೋಗಕ್ಕೆ ನೆರವಾಗುವ, ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇದೆ. ಅರ್ಜಿ ಯಾವಾಗ ಕರೆಯುತ್ತಾರೆಂದು ಸಿಡಿಪಿಒ (ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಗಂಡ ತೀರಿಹೋಗಿದ್ದರೆ ವಿಧವಾ ವೇತನಕ್ಕೆ ನಾಡ ಕಚೇರಿ.

ಮೊದಲು ನಾನು ಹೊಲಿಯುತ್ತಿದ್ದ ಅಂಗಡಿಯಲ್ಲಿ ಸುದ್ದಿ ತಿಳಿದ ದಿನವೇ "ಮಶೀನ್ ಮುಟ್ಟಬ್ಯಾಡವಾ" ಅಂದರು. ಸುಮ್ಮನೆ ಎದ್ದು ಬಂದೆ. ಈಗಾಗಿದ್ದರೆ ಬರುತ್ತಿರಲಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಮನೆಯಿಂದ ಹೊರಗೆ ಹಾಕುವ ಹಾಗಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವ ಹಾಗೂ ಇಲ್ಲ.

ಯಾರ ಮುಂದೆಯೂ ಹೇಳಲು ಧೈರ್ಯ ಬರದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡು ಹೋಗುವುದಿಲ್ಲ, ಹೆಸರು ಹೇಳಬೇಕೆಂದೂ ಇಲ್ಲ.