ಉಪ್ಪು ಬೀಳುವ ಮುಂಚೆ ಮಿಯಾಟಾ ಒಳಗೆ

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಮಸ್ಟಾಂಗ್, ಕಾರ್ವೆಟ್, ಉದ್ದ ಬಾಲದ ಹಳೇ ಕ್ಯಾಡಿಲಾಕ್‌ಗಳು ಸಂಜೆತನಕ ಕಣ್ಣಮುಂದೆ ಹಾದುಹೋಗುತ್ತಿರುತ್ತವೆ. 1995ರಿಂದ ನಡೆದುಬಂದಿರುವ ಡ್ರೀಮ್ ಕ್ರೂಸ್ ಅದು. ಅದೇ ರಸ್ತೆಗೆ ಜನವರಿಯಲ್ಲಿ ಹೋಗಿ ನೋಡಿ, ಅಂಥದ್ದೊಂದೂ ಕಣ್ಣಿಗೆ ಬೀಳುವುದು ಕಷ್ಟ. ಮಿಷಿಗನ್‌ನಲ್ಲಿ ಆಸೆಪಟ್ಟು ತಗೊಂಡ ಕಾರು ಅಂದರೆ ವರ್ಷಕ್ಕೆ ಏಳು ತಿಂಗಳ ಕಾರು. ಉಳಿದದ್ದು ಗ್ಯಾರೇಜಿನ ವಾಸ.

ಹಿಮಕ್ಕೆ ಹೆದರಿ ಒಳಗಿಡುತ್ತೇವೆ ಅಂತ ಕರ್ನಾಟಕದ ನಮ್ಮ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಸರಿಯಾದ ಟೈರ್ ಹಾಕಿದರೆ ನನ್ನ ಮಿಯಾಟಾದಂಥ ಪುಟ್ಟ ಕಾರು ಹಿಮದಲ್ಲೂ ಓಡುತ್ತದೆ, ಓಡಿಸುವವರೂ ಇದ್ದಾರೆ. ಹೆದರಬೇಕಾದ್ದು ಉಪ್ಪಿಗೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯಿದೆ; ರಸ್ತೆಗೆ ಸುರಿಯಲು ಇಲ್ಲಿ ಉಪ್ಪಿಗೇನೂ ಬರವಿಲ್ಲ. ಉಪ್ಪುನೀರು 0 ಡಿಗ್ರಿಗಿಂತ ಕೆಳಗೂ ಗಟ್ಟಿಯಾಗದೆ ನೀರಾಗಿಯೇ ಉಳಿಯುತ್ತದೆ. ರಸ್ತೆಗೆ ಬೇಕಾದ್ದು ಅದೇ, ಕಾರಿನ ತಳಕ್ಕೆ ಬೇಡವಾದದ್ದೂ ಅದೇ. ಚಳಿ ತೀರಾ ಏರಿದಾಗ ಕ್ಯಾಲ್ಸಿಯಂ ಕ್ಲೋರೈಡನ್ನೂ ಬೆರೆಸುತ್ತಾರೆ. ಅದು ಗಾಳಿಯಲ್ಲಿರುವ ತೇವವನ್ನು ತಾನಾಗಿ ಎಳೆದುಕೊಂಡು ಸದಾ ಒದ್ದೆಯಾಗಿರುವ ಪದಾರ್ಥ. ತಳದ ಸಂದಿಗೊಂದಿಯಲ್ಲಿ ಒಮ್ಮೆ ಕೂತರೆ ತುಕ್ಕು ಹಿಡಿಸದೆ ಬಿಡುವುದಿಲ್ಲ. ಹಾಗಾಗಿ ಉಪ್ಪಿನ ಲಾರಿ ಮೊದಲ ಸಲ ರಸ್ತೆಗಿಳಿಯುವ ಮುಂಚೆ ಕಾರು ಒಳಗಿರಬೇಕು. ನಾನಿರುವ ಡೆಟ್ರಾಯಿಟ್ ಹೊರವಲಯದ ನೊವೈ ಕಡೆ ನವೆಂಬರ್ ಮಧ್ಯವನ್ನು ಗಡುವು ಅಂತ ಇಟ್ಟುಕೊಂಡಿದ್ದೇನೆ.

ನನ್ನದು ನಾಲ್ಕನೇ ತಲೆಮಾರಿನ ಮಜ್ದಾ ಎಂಎಕ್ಸ್-5. ಇಲ್ಲಿ ಎಲ್ಲರ ಬಾಯಲ್ಲಿ ಅದು ಮಿಯಾಟಾ. 2 ಲೀಟರ್ ಎಂಜಿನ್, ಮಡಚಿ ತೆರೆಯಬಹುದಾದ ಬಟ್ಟೆಯ ಟಾಪು. ಅಕ್ಟೋಬರ್‌ನಲ್ಲಿ ಎಲೆ ಕೆಂಪಾದಾಗ ಉತ್ತರಕ್ಕೆ ಹೋಗಿ, ಹಾರ್ಬರ್ ಸ್ಪ್ರಿಂಗ್ಸ್‌ನಿಂದ ಕ್ರಾಸ್ ವಿಲೇಜ್‌ವರೆಗಿನ ಎಂ-119 ರಸ್ತೆಯಲ್ಲಿ ಮರಗಳ ಕೆಳಗೆ ಒಂದು ಸುತ್ತು ಹೊಡೆದು ಬಂದಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಕೆಲಸಕ್ಕೆ ಇಳಿಯುತ್ತೇನೆ.

ಯಾವುದರ ಹಿಂದೆ ಯಾವುದು ಅಂತ ಯೋಚಿಸಿ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ಮೊದಲು ತೊಳೆಯುವುದು. ಮೇಲಿನ ಬಣ್ಣಕ್ಕಿಂತ ಚಕ್ರದ ಕಮಾನಿನ ಒಳಗೆ, ತಳಕ್ಕೆ ನೀರು ಜೋರಾಗಿ ಬಿಡಬೇಕು. ಟಾಪು ಮಡಚಿಕೊಳ್ಳುವ ಜಾಗದ ಹತ್ತಿರ ಮಳೆನೀರು ಇಳಿದುಹೋಗುವ ತೂತುಗಳಿವೆ. ಅಲ್ಲಿ ಒಣಎಲೆ ಸೇರಿಕೊಂಡಿರುತ್ತದೆ, ತೆಗೆಯಬೇಕು. ತೊಳೆದ ತಕ್ಷಣ ಒಳಗೆ ನಿಲ್ಲಿಸಿದರೆ ಬ್ರೇಕ್ ಡಿಸ್ಕಿನ ಮೇಲಿನ ನೀರು ಹಾಗೇ ತುಕ್ಕಾಗುತ್ತದೆ. ಅದಕ್ಕೇ ಅಲ್ಲಿಂದ ನೇರ ಬಂಕ್‌ಗೆ. ಟ್ಯಾಂಕಿಗೆ ಮೊದಲು ಪೆಟ್ರೋಲ್ ಕೆಡದಂತೆ ಕಾಯುವ ಔಷಧಿ, ಸ್ಟೆಬಿಲೈಜರ್ ಸುರಿದು, ಮೇಲೆ ಪೆಟ್ರೋಲ್ ಫುಲ್ ಮಾಡಿಸುತ್ತೇನೆ, ಹಾಗೆ ಮಾಡಿದರೆ ತಾನಾಗಿ ಬೆರೆಯುತ್ತದೆ. ಆಮೇಲೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ ಮನೆಗೆ. ಬ್ರೇಕ್ ಒಣಗಿತು, ಔಷಧಿ ಬೆರೆತ ಪೆಟ್ರೋಲ್ ಇಂಜೆಕ್ಟರ್‌ವರೆಗೂ ಬಂತು, ಎಂಜಿನ್ ಆಯಿಲ್ ಬಿಸಿಯಾಗಿ ಸುಲಭವಾಗಿ ಇಳಿಯುವ ಹದಕ್ಕೆ ಬಂತು. ಒಂದೇ ಓಟದಲ್ಲಿ ಮೂರು ಕೆಲಸ.

ಪೆಟ್ರೋಲ್ ಬಗ್ಗೆ ಒಂದು ಮಾತು. ಇಲ್ಲಿ ಸಾಮಾನ್ಯವಾಗಿ ಸಿಗುವುದರಲ್ಲಿ 10% ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ. ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗವಿಲ್ಲ, ತೇವಕ್ಕೂ ಜಾಗವಿಲ್ಲ. ಈಗಿನ ಕಾರುಗಳ ಟ್ಯಾಂಕ್ ಬಿಗಿಯಾಗಿ ಮುಚ್ಚಿರುವುದರಿಂದ ಐದು ತಿಂಗಳಲ್ಲಿ ಅಷ್ಟೆಲ್ಲ ಆಗುವುದು ಅಪರೂಪವೇ. ಆದರೂ ಒಂದು ಬಾಟಲಿ ಸ್ಟೆಬಿಲೈಜರ್‌ನ ಖರ್ಚಿನಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಊರಲ್ಲಿ ಈಗ ಬಂಕ್‌ಗಳಿಗೆ ಬಂದಿರುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಅಲ್ಲಿ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿ ಬರುವ ನಮ್ಮಂಥವರು ಇದನ್ನು ಇನ್ನೂ ಹೆಚ್ಚು ಯೋಚಿಸಬೇಕು.

ಆಯಿಲ್ ಚೇಂಜ್ ನಿಲ್ಲಿಸುವ ಮುಂಚೆಯೇ ಆಗಬೇಕು, ವಸಂತದಲ್ಲಿ ತೆಗೆದಮೇಲೆ ಅಲ್ಲ. "ಹೇಗೂ ನಿಂತಿರುತ್ತೆ, ಹೊಸ ಆಯಿಲ್ ಯಾಕೆ ದಂಡ" ಅನ್ನುವವರು ಬಹಳ. ಓಡಿದ ಆಯಿಲ್‌ನಲ್ಲಿ ನೀರಿನಂಶ, ಉರಿಯದ ಪೆಟ್ರೋಲ್, ಆಮ್ಲ ಎಲ್ಲ ಸೇರಿರುತ್ತವೆ. ಅದರಲ್ಲಿ ಬೇರಿಂಗ್‌ಗಳನ್ನು ಚಳಿಗಾಲವಿಡೀ ನೆನೆಹಾಕುವುದಕ್ಕಿಂತ ಹೊಸದರಲ್ಲಿ ನೆನೆಹಾಕುವುದು ಮೇಲು. ಹೊಸ ಆಯಿಲ್ ಹಾಕಿ, ಕಾರನ್ನು ಅಂಗಳದಲ್ಲೇ ಎರಡು ನಿಮಿಷ ಚಾಲೂ ಮಾಡಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿ, ಒಳಗಿಟ್ಟು ಆಫ್ ಮಾಡುತ್ತೇನೆ.

ಆಮೇಲೆ ಏಪ್ರಿಲ್‌ವರೆಗೆ ಸ್ಟಾರ್ಟ್ ಮಾಡುವುದಿಲ್ಲ. ಇದೊಂದು ವಿಷಯದಲ್ಲಿ ನನಗೂ ಅಪ್ಪನಿಗೂ ಪ್ರತಿ ವರ್ಷ ಫೋನಿನಲ್ಲಿ ವಾದ. "ನಿಲ್ಸಿದ ಗಾಡಿ ಹಾಳಾಗ್ತದೆ ಮಾರಾಯ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು" ಅಂತ ತೀರ್ಥಹಳ್ಳಿಯಿಂದ ಅವರ ಆಜ್ಞೆ. ಇಲ್ಲಿನ ಅಮೆರಿಕನ್ ನೆರೆಯವರ ಸಲಹೆಯೂ ಅದೇ. ಅಪ್ಪ ಹೇಳುವುದು ಅವರ ಸ್ಕೂಟರಿಗೆ ಸರಿ. ಬೆಚ್ಚಗಿನ ಊರಿನಲ್ಲಿ ಹತ್ತು ನಿಮಿಷ ಅಂದರೆ ಪೇಟೆಗೆ ಹೋಗಿ ಬರುವುದು, ಎಂಜಿನ್ ಪೂರ್ತಿ ಕಾಯುತ್ತದೆ. ಇಲ್ಲಿ −10 ಡಿಗ್ರಿಯಲ್ಲಿ ನಿಂತಲ್ಲೇ ಹತ್ತು ನಿಮಿಷ ಗುರ್ರೆನಿಸಿದರೆ ಎಂಜಿನ್ ಮೈ ಬೆಚ್ಚಗಾಗುವುದಕ್ಕೂ ಸಾಲದು. 1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಹುಟ್ಟುತ್ತದೆ. ಬಿಸಿ ಏರಿದ ಕಾರಿನಲ್ಲಿ ಅದು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ, ತಣ್ಣಗಿದ್ದರೆ ಸೈಲೆನ್ಸರ್ ಒಳಗೇ ನಿಲ್ಲುತ್ತದೆ, ಒಂದಿಷ್ಟು ಆಯಿಲ್‌ಗೂ ಇಳಿಯುತ್ತದೆ. ಬ್ಯಾಟರಿಯೂ ಅಷ್ಟೇ: ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜ್ ಅಷ್ಟು ಹೊತ್ತಿನಲ್ಲಿ ವಾಪಸ್ ಬರುವ ಖಾತ್ರಿಯಿಲ್ಲ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುವ ಅಪಾಯವಂತೂ ಪ್ರಾಣಕ್ಕೇ ಸಂಬಂಧಿಸಿದ್ದು. ತೇವ ಒಳಗೆ ಬರಬಾರದು ಅಂತ ಇಷ್ಟೆಲ್ಲ ಮಾಡಿ, ವಾರಕ್ಕೊಮ್ಮೆ ನಾವೇ ನೀರು ತಯಾರಿಸಿ ಸುರಿಯುವುದು ಯಾವ ಲೆಕ್ಕ? ಪೂರ್ತಿ ಕಾಯುವಷ್ಟು ಓಡಿಸಬೇಕು, ಇಲ್ಲವೇ ಮುಟ್ಟಲೇಬಾರದು. ಅಪ್ಪ ಇನ್ನೂ ಒಪ್ಪಿಲ್ಲ.

ಬ್ಯಾಟರಿಗೆ ಮೇಂಟೇನರ್ ಸಿಕ್ಕಿಸಿದರೆ ಅದರ ಚಿಂತೆ ಮುಗಿಯಿತು. ಹಳೇ ಕಾಲದ ಚಾರ್ಜರ್ ಬೇಡ, ಅದು ಎಡೆಬಿಡದೆ ಕರೆಂಟು ತಳ್ಳುತ್ತದೆ. ಮೇಂಟೇನರ್ ಚಾರ್ಜ್ ತುಂಬಿದ ಮೇಲೆ ತಾನಾಗಿ ತಗ್ಗಿಸಿಕೊಳ್ಳುತ್ತದೆ. ನಿಂತ ಕಾರಿನಲ್ಲೂ ಅಲಾರಂ, ಗಡಿಯಾರ, ಕೀಲಿಗೆ ಕಿವಿಗೊಟ್ಟು ಕೂತ ರಿಸೀವರ್ ಸ್ವಲ್ಪ ಸ್ವಲ್ಪ ಕರೆಂಟು ತಿನ್ನುತ್ತಲೇ ಇರುತ್ತವೆ. ಚಾರ್ಜ್ ತುಂಬಿದ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು −10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು.

ಟೈರ್ ವಿಷಯದಲ್ಲಿ ಎರಡು ಪಂಗಡ. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುವವರು, ನೆಲದಲ್ಲೇ ಬಿಡುವವರು. ನಾನು ಎರಡನೆಯವನು. ಸುಮಾರು ಒಂದು ಟನ್ನಿನ ಕಾರು ಇದು. 29 ಪಿಎಸ್‌ಐ ಇರಬೇಕಾದ ಗಾಳಿಯನ್ನು 40ರ ಮೇಲೆ ಏರಿಸುತ್ತೇನೆ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿಯ ಒಳಗೇ. ಚಳಿಗೆ ಪ್ರತಿ 5–6 ಡಿಗ್ರಿ ಇಳಿತಕ್ಕೂ ಸುಮಾರು 1 ಪಿಎಸ್‌ಐ ತಾನಾಗಿ ಇಳಿಯುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು, ಚಕ್ರದ ಹಿಂದೆ ಮುಂದೆ ಮರದ ತುಂಡು.

ಇನ್ನು ಇಲಿ. ಗ್ಯಾರೇಜಿನಲ್ಲಿ ಚಳಿಗಾಲ ಕಳೆಯಬೇಕು ಅನ್ನುವ ಆಸೆ ನಮ್ಮ ಕಾರಿಗಿಂತ ಇಲಿಗೇ ಹೆಚ್ಚು. ಪಕ್ಕದ ಬೀದಿಯವರೊಬ್ಬರ ಕಾರಿನ ಏರ್ ಫಿಲ್ಟರ್ ಡಬ್ಬಿಯಲ್ಲಿ ಇಡೀ ಗೂಡೇ ಸಿಕ್ಕಿತ್ತು, ಸೀಟಿನ ಸ್ಪಂಜನ್ನೇ ಹಾಸಿಕೊಂಡಿದ್ದವು. ನಾನು ಮೊದಲು ಸೀಟಿನ ಕೆಳಗೆ, ಹಳಿಯ ಸಂದಿಗಳಲ್ಲಿ ವ್ಯಾಕ್ಯೂಮ್ ಹೊಡೆಯುತ್ತೇನೆ. ನಮ್ಮವರ ಕಾರಿನಲ್ಲಿ ಒಗ್ಗರಣೆ ಅವಲಕ್ಕಿ, ಕೋಡುಬಳೆ ಚೂರು ಸಿಗದೆ ಇರುವುದಿಲ್ಲ. ಸೈಲೆನ್ಸರ್ ಕೊಳವೆಗೂ ಎಂಜಿನ್ ಗಾಳಿ ಎಳೆಯುವ ಬಾಯಿಗೂ ದಪ್ಪ ಸ್ಟೀಲ್ ಉಣ್ಣೆ ತುರುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ, "ಬಾಯಿ ಮುಚ್ಚಿದೆ, ತೆಗೆ" ಅಂತ ಚೀಟಿ ಬರೆದು ಸ್ಟೇರಿಂಗಿಗೆ ಅಂಟಿಸುತ್ತೇನೆ. ಕರ್ಪೂರ, ಪುದೀನ ಎಣ್ಣೆ, ಬಟ್ಟೆ ಡ್ರೈಯರ್‌ನ ಪರಿಮಳದ ಹಾಳೆ ಅಂತೆಲ್ಲ ಹೇಳುವವರಿದ್ದಾರೆ. ವಾಸನೆ ಆರಿದ ಮರುದಿನ ಇಲಿ ಹಾಜರ್. ನುಸಿಗುಳಿಗೆ ಇಟ್ಟರಂತೂ ಇಲಿ ಹೋಗದಿದ್ದರೂ ಜುಲೈವರೆಗೆ ನಾವೇ ಕಾರಿನಲ್ಲಿ ಕೂರುವಂತಿಲ್ಲ. ಗೋಡೆ ಬದಿಯಲ್ಲಿ ಕಡಲೆಕಾಯಿ ಬೆಣ್ಣೆ ಸವರಿದ ಬೋನುಗಳನ್ನು ಇಟ್ಟು ಆಗಾಗ ನೋಡುತ್ತಿರುವುದೇ ದಾರಿ.

ಟಾಪು ಏರಿಸಿಯೇ ಇಡಬೇಕು. ಮಡಚಿಟ್ಟರೆ ನೆರಿಗೆ ಕೂರುತ್ತದೆ. ಮೇಲೆ ಹೊದಿಸುವುದು ಗಾಳಿಯಾಡುವ ಬಟ್ಟೆಯ ಕವರ್. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದರೆ ತೇವ ಒಳಗೇ ಸಿಕ್ಕಿಕೊಂಡು, ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗಾದ ಹಾಗೆ ಬೂಷ್ಟು ಹಿಡಿಯುತ್ತದೆ. ಹೆಚ್ಚಿನವರು ಗಮನಿಸದ ಇನ್ನೊಂದಿದೆ. ಪಕ್ಕದಲ್ಲೇ ದಿನಬಳಕೆಯ ಕಾರು ನಿಲ್ಲುತ್ತದಲ್ಲ, ಅದು ದಿನಾ ಸಂಜೆ ಚಕ್ರದ ತುಂಬ ಉಪ್ಪುಹಿಮ ಹೊತ್ತು ತಂದು ಗ್ಯಾರೇಜಿನೊಳಗೆ ಕರಗಿಸುತ್ತದೆ. ಅದಕ್ಕೆ ಅಂಚು ಎತ್ತರವಿರುವ ದೊಡ್ಡ ರಬ್ಬರ್ ಹಾಸು ಹಾಕಿ, ನೀರನ್ನು ಹೊರಗೆ ಬಳಿದುಹಾಕುತ್ತೇವೆ. ಮಿಯಾಟಾದ ಕೆಳಗೆ ಕಾಂಕ್ರೀಟಿನ ತೇವ ಏಳದಂತೆ ದಪ್ಪ ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ ನೆಲಕ್ಕೆ, ಬಟ್ಟೆ ಮೇಲಕ್ಕೆ.

ಕೂಲೆಂಟನ್ನು ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದ್ದರೆ −37 ಡಿಗ್ರಿವರೆಗೆ ಭಯವಿಲ್ಲ. ಗಾಜು ತೊಳೆಯುವ ನೀರು ಮಾತ್ರ ಬೇಸಿಗೆಯದಿದ್ದರೆ ಖಾಲಿ ಮಾಡಿ ಚಳಿಗಾಲದ್ದು ತುಂಬಿ. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ, ಬೆಂಕಿ, ಕಳ್ಳತನದ ರಕ್ಷಣೆ ಉಳಿಸಿಕೊಂಡು ಉಳಿದದ್ದನ್ನು ತಾತ್ಕಾಲಿಕವಾಗಿ ತೆಗೆಸಬಹುದೇ ಕೇಳಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕ್ ಒಪ್ಪುವುದು ಕಷ್ಟ.

ಹೊರಗೆ ತೆಗೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಹೇಳಲಾಗದು. ಮಾರ್ಚ್‌ನಲ್ಲಿ ಬಿಸಿಲು ಬಂದ ಕೂಡಲೇ ಕೈ ತುರಿಸುತ್ತದೆ, ಆದರೆ ರಸ್ತೆಯ ಮೇಲೆ ಬಿಳಿ ಪುಡಿ ಇನ್ನೂ ಹಾಗೇ ಇರುತ್ತದೆ. ಒಂದೆರಡು ಜೋರು ಮಳೆ ಬಂದು ಅದನ್ನು ತೊಳೆದುಹಾಕುವವರೆಗೆ ಕಾಯಬೇಕು. ಸ್ಟೀಲ್ ಉಣ್ಣೆ ತೆಗೆದು, ಗಾಳಿಯನ್ನು 29ಕ್ಕೆ ಇಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸುತ್ತೇನೆ. ಹಾಗೆ ಮಾಡಿದಾಗ ಪೆಟ್ರೋಲ್ ಚಿಮ್ಮುವುದಿಲ್ಲ, ಎಂಜಿನ್ ಬರೀ ಸುತ್ತಿ ಆಯಿಲ್ ಮೇಲಕ್ಕೆ ಏರುತ್ತದೆ. ಆಮೇಲೆ ಕಾಲು ತೆಗೆದು ನಿಜವಾದ ಸ್ಟಾರ್ಟ್. ಮೊದಲ ಕೆಲವು ಬ್ರೇಕಿಗೆ ಕರಕರ ಸದ್ದು ಬಂದೇ ಬರುತ್ತದೆ, ಡಿಸ್ಕಿನ ಮೇಲ್ಮೈಯ ತುಕ್ಕು ಉಜ್ಜಿಹೋಗುವ ಸದ್ದು ಅದು. ಬೇಸಿಗೆ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುವುದರಿಂದ ಏಪ್ರಿಲ್‌ನಲ್ಲಿ ನಾನು ಬೆಳಗ್ಗೆ ಹೊರಡುವುದಿಲ್ಲ, ಊಟ ಮುಗಿಸಿ ಮಧ್ಯಾಹ್ನದ ಬಿಸಿಲಿಗೆ ಹೊರಡುತ್ತೇನೆ.